ಹಳೆಯ ಆರ್‌ಪಿಜಿಗಳಲ್ಲಿ ಕೆಲಸಕ್ಕೆ ಬರುವ ಮಂತ್ರಗಳನ್ನು ಆರಿಸಿಕೊಳ್ಳುವುದು ಹೇಗೆ

1998ರ ಬಾಲ್ಡರ್ಸ್ ಗೇಟ್ ಒಂದು ಆರ್‌ಪಿಜಿ, ಅಂದರೆ ಪಾತ್ರಗಳನ್ನು ಬೆಳೆಸುತ್ತಾ ಆಡುವ ಕಂಪ್ಯೂಟರ್ ಆಟ. ಅದರಲ್ಲಿ ಹೊಸದಾಗಿ ಹೊರಟ ಮಾಂತ್ರಿಕನಿಗೆ ದಿನಕ್ಕೆ ಒಂದೇ ಮಂತ್ರ. ಹಿಟ್ ಪಾಯಿಂಟ್, ಅಂದರೆ ಸಾಯುವ ಮುಂಚೆ ತಡೆದುಕೊಳ್ಳಬಲ್ಲ ಪೆಟ್ಟು, ಹೆಚ್ಚೆಂದರೆ ನಾಲ್ಕೋ ಆರೋ. ತೋಳ ಎರಡು ಸಲ ಬಾಯಿ ಹಾಕಿದರೆ ಅವನ ಕತೆ ಮುಗಿದ ಹಾಗೆ. ಇದ್ದ ಒಂದು ಮಂತ್ರ ಹಾಕಿಬಿಟ್ಟ ಮೇಲೆ ಮಲಗಿ ಎದ್ದರೇ ಇನ್ನೊಂದು. ಇಷ್ಟು ಬಿಗಿಯಾಗಿ ಅಳೆದು ಕೊಡುವ ಆಟದಲ್ಲಿ ಹೊಸಬರು ಸಾಮಾನ್ಯವಾಗಿ ಮೊದಲು ಆರಿಸುವುದು ಮ್ಯಾಜಿಕ್ ಮಿಸೈಲ್ ಅನ್ನು, ಅದು ಗುರಿ ತಪ್ಪುವುದಿಲ್ಲ ಎಂಬ ಕಾರಣಕ್ಕೆ. ಗುರಿ ತಪ್ಪುವುದಿಲ್ಲ, ನಿಜ. ಆದರೆ ಮೊದಲ ಲೆವೆಲ್‌ನಲ್ಲಿ (ಲೆವೆಲ್ ಎಂದರೆ ಪಾತ್ರ ಅನುಭವದಿಂದ ಏರುವ ಮೆಟ್ಟಿಲು) ಹೊರಡುವುದು ಒಂದೇ ಬಾಣ, ಅದರ ಪೆಟ್ಟು 2ರಿಂದ 5. ಅದೇ ಜಾಗದಲ್ಲಿ ನಿದ್ದೆ ಬರಿಸುವ ಸ್ಲೀಪ್ ಇಟ್ಟುಕೊಂಡಿದ್ದರೆ ಎದುರಿಗೆ ಬಂದ ಹಾಬ್‌ಗಾಬ್ಲಿನ್ ಗುಂಪು ಇದ್ದಲ್ಲೇ ನೆಲಕ್ಕೊರಗುತ್ತಿತ್ತು.

ಮಂತ್ರದ ಬೆಲೆಯನ್ನು ಅದು ಕೊಡುವ ಪೆಟ್ಟಿನಿಂದ ಅಳೆಯಬೇಡಿ. ಅದು ಶತ್ರುವಿನ ಎಷ್ಟು ಸರದಿಗಳನ್ನು ಕಿತ್ತುಕೊಳ್ಳುತ್ತದೆ ಎನ್ನುವುದರಿಂದ ಅಳೆಯಿರಿ. ಈ ಲೇಖನದಲ್ಲಿ ನಾನು ಹೇಳುವುದೆಲ್ಲ ಈ ಮಾತಿನ ಸುತ್ತಲೇ ಇದೆ.

ಮೊದಲು ಆಟದ ಲೆಕ್ಕ ಗೊತ್ತು ಮಾಡಿಕೊಳ್ಳಿ

ಎಲ್ಲ ಆಟಗಳಲ್ಲೂ ಮಂತ್ರ ಒಂದೇ ರೀತಿ ಸಿಗುವುದಿಲ್ಲ. ಹಾಗಾಗಿ ತಪ್ಪು ಆಯ್ಕೆಗೆ ತೆರಬೇಕಾದ ದಂಡವೂ ಒಂದೇ ಅಲ್ಲ. 1981ರ ವಿಜರ್ಡ್ರಿಯಲ್ಲಿ ಲೆವೆಲ್ ಏರಿದಂತೆ ಮಂತ್ರಗಳು ತಾವಾಗಿಯೇ ಬರುತ್ತವೆ. ಯಾವುದನ್ನು ಯಾವಾಗ ಹಾಕಬೇಕು ಎನ್ನುವುದಷ್ಟೇ ನಿಮ್ಮ ಕೈಯಲ್ಲಿದೆ. 1985ರ ಅಲ್ಟಿಮಾ 4ರಲ್ಲಿ ಎ ಇಂದ ಝಡ್‌ವರೆಗೆ 26 ಮಂತ್ರಗಳಿದ್ದು, ಪ್ರತಿಯೊಂದನ್ನೂ ಎಂಟು ಬಗೆಯ ಸಾಮಗ್ರಿಗಳಿಂದ ಮೊದಲೇ ಕಲಸಿ ಇಟ್ಟುಕೊಂಡಿರಬೇಕು. ಅವುಗಳಲ್ಲಿ ನೈಟ್‌ಶೇಡ್ ಮತ್ತು ಮ್ಯಾಂಡ್ರೇಕ್ ಅಂಗಡಿಯಲ್ಲಿ ಸಿಗುವುದಿಲ್ಲ, ಹುಡುಕಿಯೇ ತರಬೇಕು. ಆದ್ದರಿಂದ ಅವೆರಡನ್ನು ಬೇಡುವ ಮಂತ್ರಗಳನ್ನು ಸಣ್ಣ ಜಗಳಕ್ಕೆ ಖರ್ಚು ಮಾಡಬಾರದು. ಮೈಟ್ ಅಂಡ್ ಮ್ಯಾಜಿಕ್ 6ರಲ್ಲಿ ಪುಸ್ತಕ ಕೊಂಡು ಕಲಿಯುವುದು. ಆಯ್ಕೆ ಕೆಟ್ಟರೆ ಹೋಗುವುದು ಚಿನ್ನ ಮಾತ್ರ, ಅದನ್ನು ಮತ್ತೆ ಗಳಿಸಬಹುದು.

2001ರ ಆರ್ಕೇನಮ್ ಇಷ್ಟು ಉದಾರಿಯಲ್ಲ. ಅಲ್ಲಿ 16 ಪಂಥಗಳು, ಒಂದೊಂದರಲ್ಲೂ ಐದು ಮಂತ್ರಗಳು, ಅವನ್ನು ಕೊಳ್ಳುವುದು ಲೆವೆಲ್ ಏರಿದಾಗ ಸಿಗುವ ಪಾಯಿಂಟ್‌ಗಳಿಂದ. ಅದೇ ಪಾಯಿಂಟ್‌ಗಳು ಮೈಕಟ್ಟಿಗೂ ಬೇಕು, ಕೌಶಲಕ್ಕೂ ಬೇಕು. ಬಾಲ್ಡರ್ಸ್ ಗೇಟ್ 2ರ ಸಾರ್ಸರರ್ ಎಂಬ ಬಗೆಯ ಮಾಂತ್ರಿಕನದು ಇನ್ನೂ ಕಟ್ಟುನಿಟ್ಟು: ಒಮ್ಮೆ ಆರಿಸಿದ ಮಂತ್ರವನ್ನು ಕೊನೆಯವರೆಗೂ ಬದಲಿಸುವಂತಿಲ್ಲ, ಸ್ಕ್ರಾಲ್ (ಮಂತ್ರ ಬರೆದ ಸುರುಳಿ) ನೋಡಿ ಹೊಸದನ್ನು ಕಲಿಯುವಂತೆಯೂ ಇಲ್ಲ. ಅದೇ ಆಟದ ಸಾಮಾನ್ಯ ಮಾಂತ್ರಿಕ, ಅಂದರೆ ಮೇಜ್, ಮಾತ್ರ ಇವತ್ತು ಒಂದು ಪಟ್ಟಿ, ನಾಳೆ ಮಲಗಿ ಎದ್ದ ಮೇಲೆ ಇನ್ನೊಂದು ಪಟ್ಟಿ ಎಂದು ಬದಲಿಸುತ್ತಾ ಹೋಗಬಹುದು.

ಬದಲಿಸಬಹುದಾದ ಆಟದಲ್ಲಿ ಧೈರ್ಯವಾಗಿ ಪ್ರಯೋಗ ಮಾಡಿ. ಬದಲಿಸಲಾಗದ ಆಟದಲ್ಲಿ, ಹತ್ತು ಲೆವೆಲ್ ದಾಟಿದ ಮೇಲೂ ಈ ಮಂತ್ರ ಬೇಕಾಗುತ್ತದೆಯೇ ಎಂದು ಕೇಳಿಕೊಂಡ ನಂತರವೇ ಕ್ಲಿಕ್ ಮಾಡಿ.

ಹಿಟ್ ಪಾಯಿಂಟ್ ಅರ್ಧವಾದರೂ ಕೈ ಅರ್ಧವಾಗುವುದಿಲ್ಲ

ಈ ಆಟಗಳ ನಿಯಮದಲ್ಲಿ 30 ಹಿಟ್ ಪಾಯಿಂಟ್ ಇರುವ ಓಗರ್ ಎಂಬ ದೈತ್ಯನಿಗೂ ಒಂದೇ ಹಿಟ್ ಪಾಯಿಂಟ್ ಉಳಿದ ಓಗರ್‌ಗೂ ಹೊಡೆಯುವ ಶಕ್ತಿಯಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಸಾಯುವ ಕ್ಷಣದವರೆಗೂ ಅದರ ಗದೆಯ ಭಾರ ಅಷ್ಟೇ. ಐದನೇ ಲೆವೆಲ್ ಮಾಂತ್ರಿಕ ಹಾಕುವ ಫೈರ್‌ಬಾಲ್ ಐದು ದಾಳಗಳ ಪೆಟ್ಟು, ಸರಾಸರಿ 17 ಅಥವಾ 18. ಸೇವಿಂಗ್ ಥ್ರೋ, ಅಂದರೆ ಮಂತ್ರದಿಂದ ಪಾರಾಗಲು ಉರುಳಿಸುವ ದಾಳ, ಗೆದ್ದವರಿಗೆ ಅದರಲ್ಲೂ ಅರ್ಧ. ನಾಲ್ಕು ಓಗರ್‌ಗಳ ಮೇಲೆ ಅದನ್ನು ಎಸೆದರೆ ಪರದೆಯ ತುಂಬ ಬೆಂಕಿ, ಆಮೇಲೆ ಅದೇ ನಾಲ್ಕು ಓಗರ್‌ಗಳು ನಿಮ್ಮ ಕಡೆ ನಡೆದು ಬರುತ್ತವೆ. ಅದೇ ಮೂರನೇ ಮಟ್ಟದ (ಮಂತ್ರಗಳ ದರ್ಜೆಯನ್ನು ಮಟ್ಟ ಎನ್ನುತ್ತಿದ್ದೇನೆ) ಜಾಗದಲ್ಲಿ ಸ್ಲೋ ಇದ್ದಿದ್ದರೆ ಅವು ಅರ್ಧ ವೇಗದಲ್ಲಿ ಬರುತ್ತಿದ್ದವು, ಅರ್ಧದಷ್ಟೇ ಹೊಡೆಯುತ್ತಿದ್ದವು. ನಿಮ್ಮ ಬಿಲ್ಲುಗಾರರಿಗೆ ಬೇಕಾದಷ್ಟು ಪುರುಸೊತ್ತು ಸಿಗುತ್ತಿತ್ತು.

ಮಲಗಿಸುವ, ಕಟ್ಟಿಹಾಕುವ, ಹೆದರಿಸಿ ಓಡಿಸುವ, ಕುರುಡಾಗಿಸುವ ಮಂತ್ರಗಳೆಲ್ಲ ಈ ಜಾತಿಯವು. 1988ರ ಪೂಲ್ ಆಫ್ ರೇಡಿಯನ್ಸ್ ಆಡಿದವರಿಗೆ ಇದು ಚೆನ್ನಾಗಿ ಗೊತ್ತು. ಅಲ್ಲಿ ಸ್ಲೀಪ್‌ಗೆ ಸೇವಿಂಗ್ ಥ್ರೋ ಕೂಡ ಇಲ್ಲ, ಮಲಗಿದವನನ್ನು ಒಂದೇ ಏಟಿಗೆ ಮುಗಿಸಬಹುದು. ಕ್ಲೆರಿಕ್ ಎಂಬ ಪೂಜಾರಿ ಪಾತ್ರ ಹಾಕುವ, ಕಟ್ಟಿಹಾಕುವ ಹೋಲ್ಡ್ ಪರ್ಸನ್‌ಗೆ ಸಿಕ್ಕಿಬಿದ್ದವನ ಗತಿಯೂ ಅದೇ. ವಿಜರ್ಡ್ರಿಯಲ್ಲಿ ಕಟಿನೋ ಎನ್ನುವ ಮಂತ್ರ ಇದೇ ಕೆಲಸ ಮಾಡುತ್ತದೆ: ನಿದ್ದೆ ಹೋದ ಶತ್ರು ತಿರುಗಿ ಹೊಡೆಯುವುದಿಲ್ಲ, ಅವನಿಗೆ ಬೀಳುವ ಪೆಟ್ಟು ಎರಡರಷ್ಟು. ಅದರ ಪಕ್ಕದಲ್ಲೇ ಇರುವ ಹಲಿಟೋ ಒಬ್ಬನಿಗೆ 1ರಿಂದ 8 ಪೆಟ್ಟು ಕೊಟ್ಟು ಸುಮ್ಮನಾಗುತ್ತದೆ.

ಹಾಗಾದರೆ ಪೆಟ್ಟಿನ ಮಂತ್ರ ಬೇಡವೇ? ಬೇಕು, ಎರಡು ಸಂದರ್ಭಗಳಲ್ಲಿ. ಒಂದು, ಆ ಒಂದೇ ಮಂತ್ರದಿಂದ ಗುಂಪು ಪೂರ್ತಿ ಸಾಯುವ ಹಾಗಿದ್ದರೆ. ಗಣಿಯೊಳಗಿನ ಕೋಬೋಲ್ಡ್‌ಗಳ ಹಿಂಡಿಗೆ ಫೈರ್‌ಬಾಲ್ ಸರಿಯಾದ ಮದ್ದು. ಎರಡು, ಕಟ್ಟಿಹಾಕುವ ಮಂತ್ರಗಳು ಹತ್ತದ ಶತ್ರು ಎದುರಿಗಿದ್ದರೆ. ಅಸ್ಥಿಪಂಜರ, ಝಾಂಬಿಯಂಥ ಅನ್‌ಡೆಡ್‌ಗಳಿಗೆ ಸ್ಲೀಪ್ ಹತ್ತುವುದಿಲ್ಲ, ಹೋಲ್ಡ್ ಪರ್ಸನ್ ಹತ್ತುವುದಿಲ್ಲ.

ಸೇವಿಂಗ್ ಥ್ರೋ ಲೆಕ್ಕವನ್ನು ಒಮ್ಮೆ ಕೂತು ಹಾಕಿ

ನನ್ನ ಅಭಿಪ್ರಾಯದಲ್ಲಿ ಮಂತ್ರಗಳ ವಿವರಣೆಯಲ್ಲಿ ಅತಿ ಮುಖ್ಯವಾದ ಸಾಲು ಇದೇ, ಜನ ಓದದೆ ಬಿಡುವ ಸಾಲೂ ಇದೇ. ಬಾಲ್ಡರ್ಸ್ ಗೇಟ್ ನಡೆಯುವುದು ಎಡಿ ಅಂಡ್ ಡಿ (ಅಡ್ವಾನ್ಸ್ಡ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಕಾಗದ ದಾಳಗಳ ಆಟ) ಎರಡನೇ ಆವೃತ್ತಿಯ ನಿಯಮಗಳ ಮೇಲೆ. ಅಲ್ಲಿ ಸೇವಿಂಗ್ ಥ್ರೋ ಸಂಖ್ಯೆ ಕಡಿಮೆ ಇದ್ದಷ್ಟೂ ಒಳ್ಳೆಯದು. ಶತ್ರುವಿನ ಸಂಖ್ಯೆ 14 ಎಂದಿಟ್ಟುಕೊಳ್ಳಿ. ಇಪ್ಪತ್ತು ಮುಖದ ದಾಳದಲ್ಲಿ 14 ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಅವನು ಪಾರು. ಅಂದರೆ 20ರಲ್ಲಿ 7 ಸಲ, 35 ಶೇಕಡಾ.

ಈಗ ವೆಬ್ ನೋಡಿ. ಎರಡನೇ ಮಟ್ಟದ ಈ ಬಲೆಯ ಮಂತ್ರದ ವಿವರಣೆಯಲ್ಲಿ ಸೇವಿಂಗ್ ಥ್ರೋಗೆ ಮೈನಸ್ 2 ಎಂದು ಬರೆದಿದೆ. ಹಾಗಾಗಿ ಅದೇ ಶತ್ರುವಿಗೆ 16 ಬೀಳಬೇಕು. ಅವಕಾಶ 25 ಶೇಕಡಾಕ್ಕೆ ಇಳಿಯಿತು. ಅದೂ ಒಂದು ಸಲಕ್ಕಲ್ಲ. ಬಲೆಯೊಳಗೆ ಇರುವಷ್ಟು ಹೊತ್ತು ಪ್ರತಿ ರೌಂಡಿಗೂ ಅವನು ದಾಳ ಉರುಳಿಸಬೇಕು. ಒಂದು ರೌಂಡ್ ತಪ್ಪಿಸಿಕೊಂಡವನು ಎರಡು ಹೆಜ್ಜೆ ಇಟ್ಟು ಮುಂದಿನ ರೌಂಡಿನಲ್ಲಿ ಮತ್ತೆ ಸಿಕ್ಕಿಬೀಳುತ್ತಾನೆ. ಇದರ ಮೇಲೆ ನಾಲ್ಕನೇ ಮಟ್ಟದ ಗ್ರೇಟರ್ ಮ್ಯಾಲಿಸನ್ ಹಾಕಿದರೆ ಇನ್ನೊಂದು ಮೈನಸ್ 4. ಈಗ ಅವನಿಗೆ 20 ಬಿದ್ದರೇ ಉಂಟು: ಐದೇ ಶೇಕಡಾ. ಗ್ರೇಟರ್ ಮ್ಯಾಲಿಸನ್ ತಾನಾಗಿ ಯಾರಿಗೂ ಗಾಯ ಮಾಡುವುದಿಲ್ಲ, ಪರದೆಯ ಮೇಲೆ ದೊಡ್ಡದಾಗಿ ಏನನ್ನೂ ತೋರಿಸುವುದಿಲ್ಲ. ಆದರೂ ಅದರ ಹಿಂದೆ ಬರುವ ಪ್ರತಿಯೊಂದು ಮಂತ್ರವನ್ನೂ, ಕ್ಲೆರಿಕ್ ಹಾಕಿದ್ದನ್ನೂ ಸೇರಿಸಿ, ಅದು ಗಟ್ಟಿ ಮಾಡುತ್ತದೆ.

ಹೀಗಾಗಿ ಒಂದೇ ಕೆಲಸ ಮಾಡುವ ಎರಡು ಮಂತ್ರಗಳ ನಡುವೆ ಆರಿಸಬೇಕಾದಾಗ ಮೈನಸ್ ಹೆಚ್ಚಿರುವುದನ್ನು ಹಿಡಿಯಿರಿ. ಸ್ಲೋ ಮಂತ್ರಕ್ಕೆ ಮೈನಸ್ 4 ಇದೆ. ಹೆದರಿಸಿ ಓಡಿಸುವ ಸ್ಪೂಕ್ ಮೊದಲ ಮಟ್ಟದ ಮಂತ್ರವಾದರೂ ಹಾಕುವವನ ಲೆವೆಲ್ ಏರಿದಂತೆ ಅದರ ಮೈನಸ್ 6ರವರೆಗೆ ಬೆಳೆಯುತ್ತದೆ, ಅದಕ್ಕೇ ಅದು ಆಟದ ಕೊನೆಯ ಭಾಗದಲ್ಲೂ ಹಳತಾಗುವುದಿಲ್ಲ. ಸ್ಲೀಪ್‌ಗೆ ಮೈನಸ್ 3 ಇದ್ದರೂ ಅದು ದುರ್ಬಲ ಪ್ರಾಣಿಗಳಿಗೆ ಮಾತ್ರ ಹತ್ತುವಂಥದ್ದು. ಶತ್ರುಗಳು ಬಲಿತ ಮೇಲೆ ಸಂಕೋಚವಿಲ್ಲದೆ ತೆಗೆದುಹಾಕಿ.

ಮ್ಯಾಜಿಕ್ ಮಿಸೈಲ್ ಇದಕ್ಕೆ ಉಲ್ಟಾ. ಎರಡು ಲೆವೆಲ್‌ಗೊಂದರಂತೆ ಬಾಣಗಳು ಕೂಡುತ್ತಾ ಒಂಬತ್ತನೇ ಲೆವೆಲ್‌ಗೆ ಐದಾಗುತ್ತವೆ, ಸೇವಿಂಗ್ ಥ್ರೋ ಅದಕ್ಕೆ ಇಲ್ಲವೇ ಇಲ್ಲ. ಮೊದಲ ದಿನ ಬೇಡ ಎಂದ ಮಂತ್ರವನ್ನೇ ಆಗ ಮೊದಲ ಮಟ್ಟದ ಮೂರು ನಾಲ್ಕು ಜಾಗಗಳಿಗೆ ತುಂಬಿಸಿಕೊಳ್ಳಬಹುದು.

ಬಾಗಿಲು, ಬಲೆ, ಬಾಣ

ಮಂತ್ರ ಎಲ್ಲಿ ಬೀಳುತ್ತದೆ ಎನ್ನುವುದು ಮುಂದಿನ ಪ್ರಶ್ನೆ. ಬಾಲ್ಡರ್ಸ್ ಗೇಟ್‌ನ ಫೈರ್‌ಬಾಲ್‌ಗೆ ನಿಮ್ಮವರು, ಅವರವರು ಎಂಬ ಭೇದವಿಲ್ಲ. ವೆಬ್, ಸ್ಟಿಂಕಿಂಗ್ ಕ್ಲೌಡ್, ಸ್ಲೀಪ್ ಕೂಡ ಹಾಗೆಯೇ. ಲೈಟ್ನಿಂಗ್ ಬೋಲ್ಟ್ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಇಕ್ಕಟ್ಟಾದ ಓಣಿಯಲ್ಲಿ ಅದನ್ನು ಹಾಕಿದರೆ ನಿಮ್ಮ ಪಾರ್ಟಿಯವರೇ, ಅಂದರೆ ಜೊತೆಗಾರರೇ, ಎರಡು ಸಲ ಪೆಟ್ಟು ತಿನ್ನಬೇಕಾಗುತ್ತದೆ. ನಾನಂತೂ ಅದನ್ನು ಶಿಫಾರಸು ಮಾಡುವುದಿಲ್ಲ.

ಇದನ್ನು ಅನುಕೂಲಕ್ಕೆ ತಿರುಗಿಸಿಕೊಳ್ಳುವ ಬಗೆ ಹೀಗೆ. ಕಳ್ಳನನ್ನು ಅಡಗಿಸಿ ಒಳಗೆ ಕಳಿಸಿ, ಕೋಣೆಯಲ್ಲಿ ಯಾರಿದ್ದಾರೆ ನೋಡಿಕೊಂಡು ಬರಲಿ. ಉಳಿದವರೆಲ್ಲ ಓಣಿಯಲ್ಲಿ ಸಾಕಷ್ಟು ದೂರ, ಬಿಲ್ಲು ಕವಣೆ ಹಿಡಿದು ನಿಲ್ಲಲಿ. ಮಾಂತ್ರಿಕ ವೆಬ್ ಅನ್ನು ಕೋಣೆಯ ನಡುವೆ ಹಾಕುವ ಬದಲು ಬಾಗಿಲಿನಿಂದ ಎರಡು ಹೆಜ್ಜೆ ಒಳಗೆ ಹಾಕಬೇಕು. ಶತ್ರುಗಳು ನಿಮ್ಮತ್ತ ಬರಲು ಇರುವುದು ಅದೊಂದೇ ದಾರಿ. ಮೊದಲು ಬಂದವನು ಬಲೆಗೆ ಸಿಕ್ಕಿ ಬಾಗಿಲನ್ನೇ ಮುಚ್ಚುತ್ತಾನೆ, ಅವನ ಹಿಂದೆ ಎರಡನೆಯವನು, ಮೂರನೆಯವನು. ಕಟ್ಟಿಹಾಕಿಸಿಕೊಂಡವನ ಮೇಲೆ ಬಾಣ ತಪ್ಪುವುದಿಲ್ಲ. ಎಲ್ಲರೂ ಒಂದೆಡೆ ಸೇರಿದ ಮೇಲೆ ಫೈರ್‌ಬಾಲ್. ಈಗ ಅದು ಸಾರ್ಥಕ, ಯಾಕೆಂದರೆ ಉಳಿದುಕೊಂಡವರು ಕೂಡ ಎದ್ದು ಬಂದು ಹೊಡೆಯಲಾರರು.

ಫ್ರೀ ಆ್ಯಕ್ಷನ್ ಗುಣವಿರುವ ಉಂಗುರವೋ ಸ್ಪೈಡರ್ಸ್ ಬೇನ್ ಎಂಬ ದೊಡ್ಡ ಕತ್ತಿಯೋ ಸಿಕ್ಕರೆ ಇನ್ನೂ ಚೆನ್ನ. ಅದನ್ನು ಹಿಡಿದ ಯೋಧ ಬಲೆಯೊಳಗೆ ಆರಾಮಾಗಿ ನಡೆದುಹೋಗುತ್ತಾನೆ, ಅವನಿಗೆ ಬಲೆ ತಾಗುವುದೇ ಇಲ್ಲ. ಜೇಡಗಳ ಗೂಡಿನಲ್ಲಿ ಮಾತ್ರ ಈ ಬಲೆಯ ಉಪಾಯವನ್ನು ನೆಚ್ಚಿಕೊಳ್ಳಬೇಡಿ, ಜೇಡಗಳಿಗೆ ಬಲೆ ಹತ್ತುವುದಿಲ್ಲ.

ಹಾಕಿ ಮುಗಿಸಲು ಎಷ್ಟು ಹೊತ್ತು?

ಬಾಲ್ಡರ್ಸ್ ಗೇಟ್‌ನಲ್ಲಿ ಒಂದು ರೌಂಡ್ ಎಂದರೆ ಆರು ಸೆಕೆಂಡ್. ಕಾಸ್ಟಿಂಗ್ ಟೈಮ್ ಎಂದು ಬರೆದಿರುವ ಸಂಖ್ಯೆ ಅದರ ಹತ್ತನೇ ಭಾಗಗಳ ಲೆಕ್ಕ. ಮ್ಯಾಜಿಕ್ ಮಿಸೈಲ್‌ನ ಸಂಖ್ಯೆ 1, ಅಂದರೆ ಅರೆಗಳಿಗೆಯಲ್ಲಿ ಮುಗಿಯಿತು. ಸಂಖ್ಯೆ 9 ಇದ್ದರೆ ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ಕೈ ಮೇಲೆತ್ತಿ ನಿಂತಿರಬೇಕು, ಆ ನಡುವೆ ಒಂದು ಸಣ್ಣ ಗಾಯವಾದರೂ ಮಂತ್ರ ಹಾಳು, ಜಾಗವೂ ಖಾಲಿ.

ಈ ನಿಯಮ ಎದುರಾಳಿಗೂ ಅನ್ವಯಿಸುತ್ತದೆ ಎನ್ನುವುದನ್ನು ಆಟ ಬಹಳ ಬೇಗ ಕಲಿಸುತ್ತದೆ. ಫ್ರೆಂಡ್ಲಿ ಆರ್ಮ್ ಇನ್‌ನ ಮೆಟ್ಟಿಲ ಮೇಲೆ ಟಾರ್ನೆಶ್ ಎಂಬ ಕೊಲೆಗಾರ ಮಾಂತ್ರಿಕ ಕಾದಿರುತ್ತಾನೆ. ನೀವು ಇನ್ನೂ ಮೊದಲ ಲೆವೆಲ್‌ನಲ್ಲೇ ಇರುತ್ತೀರಿ. ಅವನು ಮೊದಲು ಮಿರರ್ ಇಮೇಜ್ ಹಾಕಿಕೊಳ್ಳುತ್ತಾನೆ. ಅವನ ಸುತ್ತ ಅವನದೇ ಪ್ರತಿಬಿಂಬಗಳು. ಆಮೇಲೆ ಹಾರರ್ ಬಂದರೆ ನಿಮ್ಮವರು ದಿಕ್ಕಾಪಾಲಾಗಿ ಓಡುತ್ತಾರೆ, ಅಷ್ಟರಲ್ಲಿ ಅವನು ಒಬ್ಬೊಬ್ಬರನ್ನೇ ಮುಗಿಸುತ್ತಾನೆ. ಇಲ್ಲಿ ಒಂದು ದೊಡ್ಡ ಪೆಟ್ಟಿನಿಂದ ಪ್ರಯೋಜನವಿಲ್ಲ, ಅದು ಒಂದು ಪ್ರತಿಬಿಂಬವನ್ನು ಅಳಿಸುತ್ತದೆ ಅಷ್ಟೆ. ಎಲ್ಲರೂ ಬಿಲ್ಲು, ಕವಣೆ, ಎಸೆಯುವ ಚಾಕು ತೆಗೆದು ಒಟ್ಟಿಗೆ ಬೀರಬೇಕು. ಪ್ರತಿಬಿಂಬಗಳು ಬೇಗ ಖಾಲಿಯಾಗುತ್ತವೆ, ಒಂದು ಏಟು ನಿಜವಾದ ಮೈಗೆ ತಾಗಿದರೆ ಅವನು ಹೇಳುತ್ತಿದ್ದ ಮಂತ್ರ ಅಲ್ಲಿಗೇ ನಿಂತಿತು.

ಈ ಕಾಳಗದಿಂದಲೇ ಎರಡು ಆಯ್ಕೆಗಳು ಹೊಳೆಯುತ್ತವೆ. ನಿಮ್ಮ ಮಾಂತ್ರಿಕನಿಗೂ ಎರಡನೇ ಮಟ್ಟ ತೆರೆದ ಕೂಡಲೇ ಮಿರರ್ ಇಮೇಜ್ ಬೇಕು. ಎದುರಾಳಿ ಮಾಂತ್ರಿಕರಿಗೆಂದೇ ಮೆಲ್ಫ್ಸ್ ಆ್ಯಸಿಡ್ ಆ್ಯರೋ ಒಂದಿರಲಿ: ಆಮ್ಲ ಮುಂದಿನ ರೌಂಡ್‌ಗಳಲ್ಲೂ ಸುಡುತ್ತಲೇ ಇರುವುದರಿಂದ ಅವನು ಮಂತ್ರ ಮುಗಿಸಲು ಪ್ರತಿ ಸಲವೂ ಒದ್ದಾಡುತ್ತಾನೆ.

ಮಾಂತ್ರಿಕ ಬದುಕಿದ್ದರೆ ತಾನೇ

ಪ್ರತಿ ಮಟ್ಟದಲ್ಲೂ ಒಂದು ಜಾಗ ರಕ್ಷಣೆಗೆ ಇರಲಿ. ನಾಲ್ಕನೇ ಮಟ್ಟದ ಸ್ಟೋನ್‌ಸ್ಕಿನ್ ಬಂದ ಮೇಲೆ ಆಟದ ರೀತಿಯೇ ಬದಲಾಗುತ್ತದೆ. ಎರಡು ಲೆವೆಲ್‌ಗೆ ಒಂದು ಪದರ. ಹತ್ತನೇ ಲೆವೆಲ್ ಮಾಂತ್ರಿಕನಿಗೆ ಐದು ಪದರ. ಏಟು ದೊಡ್ಡದಿರಲಿ ಚಿಕ್ಕದಿರಲಿ ಒಂದು ಏಟಿಗೆ ಒಂದು ಪದರ ಹೋಗುತ್ತದೆ. ದೈತ್ಯನ ಗದೆಯನ್ನು ಅದು ತಡೆಯುತ್ತದೆ, ಒಟ್ಟಾಗಿ ಬರುವ ಸಣ್ಣ ಬಾಣಗಳ ಮಳೆಯಲ್ಲಿ ಬೇಗ ಸವೆಯುತ್ತದೆ. ಗಂಟೆಗಟ್ಟಲೆ ಉಳಿಯುವುದರಿಂದ ಬೆಳಿಗ್ಗೆ ಎದ್ದ ಕೂಡಲೇ ಹಾಕಿಕೊಂಡು ಹೊರಡಬಹುದು.

ಬಾಲ್ಡರ್ಸ್ ಗೇಟ್ 2: ಎದುರಿಗಿನ ಕವಚ ಕಳಚುವುದು

2000ದಲ್ಲಿ ಬಂದ ಎರಡನೇ ಭಾಗದಲ್ಲಿ ಮಾಂತ್ರಿಕರ ಜಗಳವೆಂದರೆ ಕವಚಗಳ ಜಗಳ. ಹೊಡೆಯುವ ಮಂತ್ರಗಳನ್ನೇ ತುಂಬಿಕೊಂಡು ಹೋದವರು ಇಲ್ಲಿ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾರೆ. ಹಾಕಿದ ಮಂತ್ರಗಳನ್ನು ಅಳಿಸುವ ಡಿಸ್ಪೆಲ್ ಮ್ಯಾಜಿಕ್‌ನ ಲೆಕ್ಕ ಸರಳ: ಇಬ್ಬರ ಲೆವೆಲ್ ಸಮವಿದ್ದರೆ 50 ಶೇಕಡಾ, ನೀವು ಮೇಲಿದ್ದರೆ ಒಂದು ಲೆವೆಲ್‌ಗೆ 5 ಕೂಡುತ್ತದೆ, ಕೆಳಗಿದ್ದರೆ ಒಂದು ಲೆವೆಲ್‌ಗೆ 10 ಕಳೆಯುತ್ತದೆ. ನಿಮಗಿಂತ ಐದು ಲೆವೆಲ್ ಮೇಲಿರುವವನ ಮೇಲೆ ಅದನ್ನು ಹಾಕಿ ಫಲವಿಲ್ಲ. ಹಾಕಲೇಬೇಕಾದಾಗ ರಿಮೂವ್ ಮ್ಯಾಜಿಕ್ ಆರಿಸಿ, ಅದು ಶತ್ರುಗಳನ್ನು ಮಾತ್ರ ಮುಟ್ಟುತ್ತದೆ, ನಿಮ್ಮವರ ಮೇಲಿನ ಹೇಸ್ಟ್, ಬ್ಲೆಸ್ ತರದ ಬಲ ಹೆಚ್ಚಿಸುವ ಮಂತ್ರಗಳು ಹಾಗೇ ಉಳಿಯುತ್ತವೆ.

ಐದನೇ ಮಟ್ಟದ ಬ್ರೀಚ್ ಇಲ್ಲದೆ ಈ ಆಟದಲ್ಲಿ ಮಾಂತ್ರಿಕ ಬೇಟೆ ಇಲ್ಲ. ಅದಕ್ಕೆ ದಾಳದ ಗೊಡವೆಯಿಲ್ಲ. ಸ್ಟೋನ್‌ಸ್ಕಿನ್‌ನಂಥ ಕವಚಗಳನ್ನು ನೇರವಾಗಿ ಕಿತ್ತುಹಾಕುತ್ತದೆ, ಆಮೇಲೆ ನಿಮ್ಮ ಯೋಧರ ಕತ್ತಿ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಅಷ್ಟಾಗಿಯೂ ಲಿಚ್ ಎಂಬ, ಸತ್ತ ಮೇಲೂ ಓಡಾಡುವ ಮಾಂತ್ರಿಕರಿಗೆ ಐದನೇ ಮಟ್ಟದವರೆಗಿನ ಮಂತ್ರಗಳು ತಾಗುವುದಿಲ್ಲ, ರಾಕ್ಷಸ ಎಂಬ ಹುಲಿಮೋರೆಯ ಜಾತಿಗೆ ಏಳನೇ ಮಟ್ಟದವರೆಗೂ ತಾಗುವುದಿಲ್ಲ. ಅವರೆದುರು ನಿಮ್ಮ ಪಾರ್ಟಿಯ ಬಲ ಹೆಚ್ಚಿಸುವ ಮಂತ್ರಗಳನ್ನು ಆರಿಸಿ, ಅವಕ್ಕೆ ಯಾರ ತಡೆಯೂ ಇಲ್ಲ. ಮಾಯಾರೂಪಗಳನ್ನು ಬಯಲು ಮಾಡುವ ಟ್ರೂ ಸೈಟ್ ಅನ್ನು ಕ್ಲೆರಿಕ್ ಕೈಗೆ ಕೊಡಿ. ಅವರಿಗೆ ಅದು ಐದನೇ ಮಟ್ಟಕ್ಕೇ ಸಿಗುತ್ತದೆ, ಮಾಂತ್ರಿಕನ ಆರನೇ ಮಟ್ಟದ ಜಾಗ ಉಳಿಯುತ್ತದೆ.

ಕಾಳಗದ ಹೊರಗಿನ ಮಂತ್ರಗಳು

ಬೇರೊಬ್ಬರು ಮಾಡಬಲ್ಲ ಕೆಲಸಕ್ಕೆ ಮಂತ್ರ ಖರ್ಚು ಮಾಡಬೇಡಿ. ಪಾರ್ಟಿಯಲ್ಲಿ ಕಳ್ಳನಿದ್ದರೆ ಬೀಗ ತೆಗೆಯುವ ನಾಕ್ ಬೇಡ. ಸಿಕ್ಕ ವಸ್ತುವಿನ ಗುಣ ತಿಳಿಸುವ ಐಡೆಂಟಿಫೈ ಅನ್ನು ಕಾಯಂ ಇಟ್ಟುಕೊಳ್ಳುವ ಬದಲು ಬಿಡುವಿದ್ದಾಗ ಮಲಗುವ ಮೊದಲು ಹಾಕಿಕೊಳ್ಳಿ. ಆದರೆ ದಾರಿ ಉಳಿಸುವ ಮಂತ್ರಗಳ ವಿಷಯ ಬೇರೆ. ಮೈಟ್ ಅಂಡ್ ಮ್ಯಾಜಿಕ್ 6ರಲ್ಲಿ ಟೌನ್ ಪೋರ್ಟಲ್, ಲಾಯ್ಡ್ಸ್ ಬೀಕನ್, ಫ್ಲೈ ಮೂರನ್ನೂ ಆದಷ್ಟು ಬೇಗ ಸಂಪಾದಿಸಿ. ಬೇಕೆಂದಾಗ ಊರಿಗೆ ಬಂದು ಮತ್ತೆ ನಿಂತಲ್ಲಿಗೇ ಹೋಗುವ ಅನುಕೂಲ ಯಾವ ಬೆಂಕಿಯ ಮಂತ್ರಕ್ಕೂ ಕಡಿಮೆಯಲ್ಲ. ಹಾಗೆಯೇ ಅದೇ ಆಟದ ಮೀಟಿಯರ್ ಶವರ್, ಸ್ಟಾರ್‌ಬರ್ಸ್ಟ್ ಬಯಲಿನಲ್ಲಿ ಮಾತ್ರ ನಡೆಯುತ್ತವೆ, ನೆಲಮಾಳಿಗೆಗಳಲ್ಲಿ ನಡೆಯುವುದಿಲ್ಲ ಎನ್ನುವುದು ಕೊಳ್ಳುವ ಮುನ್ನ ನೆನಪಿರಲಿ. ವಿಜರ್ಡ್ರಿಯಲ್ಲಿ ನಿಂತ ಜಾಗ ತಿಳಿಸುವ ಡುಮಾಪಿಕ್ ಹಾಕದೆ, ಬೇರೆ ಜಾಗಕ್ಕೆ ಒಯ್ಯುವ ಮ್ಯಾಲರ್‌ನಿಂದ ಹಾರಬೇಡಿ. ಲೆಕ್ಕ ತಪ್ಪಿ ಬಂಡೆಯೊಳಗೆ ಇಳಿದರೆ ಇಡೀ ಪಾರ್ಟಿ ಹೋಗುತ್ತದೆ.

ಸ್ಕ್ರಾಲ್ ಬರೆದುಕೊಳ್ಳುವಾಗ

ಬಾಲ್ಡರ್ಸ್ ಗೇಟ್‌ನಲ್ಲಿ ಸ್ಕ್ರಾಲ್‌ನಿಂದ ಪುಸ್ತಕಕ್ಕೆ ಬರೆಯುವುದು ಬುದ್ಧಿಮತ್ತೆಯ ಮೇಲೆ ನಿಂತಿದೆ. 18 ಇದ್ದರೆ ಯಶಸ್ಸು 85 ಶೇಕಡಾ, ಸೋತರೆ ಸ್ಕ್ರಾಲ್ ಮಾಯ. ಪೋಷನ್ ಆಫ್ ಜೀನಿಯಸ್ ಕುಡಿದರೆ ಸ್ವಲ್ಪ ಹೊತ್ತು ಬುದ್ಧಿಮತ್ತೆ ಏರುತ್ತದೆ. ಸಿಕ್ಕ ಸಿಕ್ಕ ಸ್ಕ್ರಾಲ್‌ಗಳನ್ನು ಕೂಡಲೇ ಬರೆಯುವ ಬದಲು ಕೂಡಿಟ್ಟು, ಒಂದು ಪೋಷನ್‌ಗೆ ಎಲ್ಲವನ್ನೂ ಒಟ್ಟಿಗೆ ಬರೆದು ಮುಗಿಸಿ. ಒಂದು ವಿದ್ಯೆಯಲ್ಲಿ ಪರಿಣತನಾದ ಮಾಂತ್ರಿಕನಿಗೆ ಪ್ರತಿ ಮಟ್ಟದಲ್ಲೂ ಒಂದು ಜಾಗ ಹೆಚ್ಚು, ಬದಲಿಗೆ ಇನ್ನೊಂದು ವಿದ್ಯೆ ಪೂರ್ತಿ ಬಂದ್. ನನ್ನನ್ನು ಕೇಳಿದರೆ ಕಾಂಜುರೇಶನ್ ವಿದ್ಯೆಯ ಪರಿಣತನಾದ ಕಾಂಜುರರ್ ಒಳ್ಳೆಯ ವ್ಯಾಪಾರ: ಕಳೆದುಕೊಳ್ಳುವುದು ಐಡೆಂಟಿಫೈ, ಟ್ರೂ ಸೈಟ್ ತರದವನ್ನು, ಅವಕ್ಕೆ ಬೇರೆ ದಾರಿಗಳಿವೆ.

ಸಾರ್ಸರರ್‌ಗೆ ಒಂದು ಪಟ್ಟಿ

ಪ್ರತಿ ಮಟ್ಟದಲ್ಲೂ ಕೊನೆಗೆ ಸಿಗುವುದು ಬೆರಳೆಣಿಕೆಯಷ್ಟೇ ಮಂತ್ರ, ಅದಕ್ಕೇ ಹಳತಾಗದವನ್ನೇ ಮೊದಲು ಹಿಡಿಯಬೇಕು. ಮೊದಲ ಮಟ್ಟದಲ್ಲಿ ಮ್ಯಾಜಿಕ್ ಮಿಸೈಲ್ ಮತ್ತು ಸ್ಪೂಕ್. ಎರಡರಲ್ಲಿ ಮಿರರ್ ಇಮೇಜ್, ವೆಬ್, ಆಮೇಲೆ ಆ್ಯಸಿಡ್ ಆ್ಯರೋ; ಟ್ರೋಲ್‌ಗಳು ಬಿದ್ದ ಮೇಲೂ ಬೆಂಕಿ ಅಥವಾ ಆಮ್ಲ ತಾಗದಿದ್ದರೆ ಎದ್ದು ಬರುತ್ತವೆ, ಆಗ ಅದು ಬೇಕು. ಮೂರರಲ್ಲಿ ಸ್ಲೋ, ರಿಮೂವ್ ಮ್ಯಾಜಿಕ್, ಸ್ಕಲ್ ಟ್ರ್ಯಾಪ್. ಸ್ಕಲ್ ಟ್ರ್ಯಾಪ್‌ನ ಪೆಟ್ಟು ಫೈರ್‌ಬಾಲ್ ಹಾಗೆ ಹತ್ತು ದಾಳಕ್ಕೆ ನಿಲ್ಲುವುದಿಲ್ಲ. ನಾಲ್ಕರಲ್ಲಿ ಸ್ಟೋನ್‌ಸ್ಕಿನ್, ಗ್ರೇಟರ್ ಮ್ಯಾಲಿಸನ್, ಐದರಲ್ಲಿ ಬ್ರೀಚ್ ಮತ್ತು ಶತ್ರುವಿನ ಮಂತ್ರ ತಡೆಯುವ ಶಕ್ತಿ ಇಳಿಸುವ ಲೋವರ್ ರೆಸಿಸ್ಟೆನ್ಸ್. ಎಂಟಕ್ಕೆ ಬಂದಾಗ ಹಾರಿಡ್ ವಿಲ್ಟಿಂಗ್ ತೆಗೆದುಕೊಳ್ಳಿ, ಅದು ನಿಮ್ಮವರನ್ನು ಮುಟ್ಟದೆ ಶತ್ರುಗಳನ್ನಷ್ಟೇ ಒಣಗಿಸುತ್ತದೆ.

ಮೇಜ್ ಆದರೆ ಇಷ್ಟೊಂದು ಗಟ್ಟಿ ಪಟ್ಟಿ ಬೇಡ. ಮಲಗುವ ಮುನ್ನ ಮಂತ್ರಪುಸ್ತಕ ತೆರೆದು, ಇವತ್ತು ಬಳಸದೆ ಉಳಿದ ಮಂತ್ರ ಯಾವುದು ನೋಡಿ. ಎರಡು ಮೂರು ವಿಶ್ರಾಂತಿಗಳಲ್ಲಿ ಒಮ್ಮೆಯೂ ಕೈಗೆ ಬರದಿದ್ದರೆ ಅದನ್ನು ತೆಗೆಯಿರಿ. ನಾಳೆ ಗೋರಿಗಳಿಗೆ ಇಳಿಯುವುದಿದ್ದರೆ ಹೋಲ್ಡ್, ಸ್ಲೀಪ್ ಜಾಗಕ್ಕೆ ಪೆಟ್ಟಿನವನ್ನು ಇಡಿ; ಮಾಂತ್ರಿಕನ ಗೋಪುರವಿದ್ದರೆ ಬ್ರೀಚ್ ಒಂದಕ್ಕೆ ಎರಡಿರಲಿ.